ಘಾಟಿಯ ಮಂಜಿಗೆ ಫಾಗ್ ಲ್ಯಾಂಪ್ ಸಾಕೇ, ತಿರುಗುವ ಹೆಡ್‌ಲೈಟ್ ಬೇಕೇ?

ಮೂಡಿಗೆರೆ_ತೋಟ
ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ತಿಂಗಳಿಗೆರಡು ಬಾರಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದರಿಂದ ಮಳೆಗಾಲ, ಬೇಸಿಗೆ ಎನ್ನದೆ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತಿದ್ದೇನೆ. ಕಳೆದ ವಾರ ಹಿಂತಿರುಗುವಾಗ ಸಂಜೆ ಏಳರ ಹೊತ್ತಿಗೆ, ಅಣ್ಣಪ್ಪ ಸ್ವಾಮಿ ಗುಡಿ ದಾಟಿದ ಮೇಲೆ, ಬಾನೆಟ್ಟಿನ ಆಚೆ ಏನೂ ಕಾಣದಷ್ಟು ಮಂಜು ಕವಿಯಿತು. ಹೈ ಬೀಮ್ ಹಾಕಿದರೆ ಬಿಳಿಯ ಗೋಡೆಯೊಂದು ಗಾಜಿಗೇ ಬಂದು ಒರಗಿದಂತಾಯಿತು. ಲೋ ಬೀಮಿನಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೊನೆಗೆ ನನ್ನ ಹೆಂಡತಿ ಎಡಗಿಟಕಿಯ ಗಾಜು ಇಳಿಸಿ, ತಲೆ ಹೊರಗೆ ಹಾಕಿ, ರಸ್ತೆಯಂಚಿನ ಬಿಳಿಗೆರೆ ನೋಡುತ್ತಾ "ಬಲಕ್ಕೆ, ಇನ್ನೂ ಸ್ವಲ್ಪ ಬಲಕ್ಕೆ" ಎಂದು ಹೇಳುತ್ತಾ ಬಂದಳು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಕೊಟ್ಟಿಗೆಹಾರ ಬರುವವರೆಗೂ ಮಾತಾಡಲಿಲ್ಲ.

ಎಂಟು ವರ್ಷದ ಈ ಕಾರಿನಲ್ಲಿರುವುದು ಸಾಮಾನ್ಯ ಹಾಲೊಜೆನ್ ದೀಪ. ಫಾಗ್ ಲ್ಯಾಂಪ್ ಇಲ್ಲ. ಹೊಸ ಕಾರು ಕೊಳ್ಳುವ ಯೋಚನೆಯಿದೆ. ನೋಡಿದ ಮಾದರಿಯಲ್ಲಿ ನಡುವಣ ದರ್ಜೆಗೆ ಫಾಗ್ ಲ್ಯಾಂಪ್ ಇಲ್ಲ. ಮೇಲಿನ ದರ್ಜೆಗೆ ಫಾಗ್ ಲ್ಯಾಂಪ್ ಜೊತೆಗೆ ಸ್ಟಿಯರಿಂಗ್ ತಿರುಗಿಸಿದತ್ತ ತಿರುಗುವ ಎಲ್‌ಇಡಿ ಹೆಡ್‌ಲೈಟೂ ಇದೆ. ಬೆಲೆಯಲ್ಲಿ ಒಂದೂವರೆ ಲಕ್ಷದ ಅಂತರವಿದೆ. ದೀಪಕ್ಕಾಗಿ ಅಷ್ಟು ಹಣ ಕೊಡುವುದು ಸರಿಯೇ? ಘಾಟಿಯಲ್ಲಿ ಓಡಾಡುವವರು ದಯವಿಟ್ಟು ತಿಳಿಸಿ.

ದೇವನಹಳ್ಳಿ_ಕ್ಯಾಬ್
ಕೊಡಿ. ಜೀವಕ್ಕಿಂತ ಒಂದೂವರೆ ಲಕ್ಷ ದೊಡ್ಡದಲ್ಲ.

ವೈರಿಂಗ್_ಹಾಸನ
ಅಷ್ಟು ಬೇಗ ಕೊಡಿಸಬೇಡಿ. ತೋಟದವರೇ, ಲೋ ಬೀಮಿನಲ್ಲೂ ಬಿಳಿಗೋಡೆ ಕಂಡಿತು ಎಂದಿದ್ದೀರಿ. ಆ ಮಾತು ನನಗೆ ಸರಿ ಕಾಣಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಸ್ಟಿಯರಿಂಗಿನ ಬಲಕ್ಕೆ 0, 1, 2, 3 ಎಂದು ಬರೆದಿರುವ ಸಣ್ಣ ಚಕ್ರವೊಂದು ಇರುತ್ತದೆ. ನಿಮ್ಮದು ಯಾವ ಅಂಕೆಯಲ್ಲಿದೆ ಎಂದು ಮೊದಲು ನೋಡಿ ಹೇಳಿ. ಹೊಸ ಕಾರಿನ ಮಾತು ಆಮೇಲೆ ಆಡೋಣ.

ಬೆಳಕಿನ_ಮೇಷ್ಟ್ರು
ಎರಡೂ ದೀಪಗಳ ಕೆಲಸ ಬೇರೆ ಬೇರೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಅವುಗಳ ಮೇಲೆ ಬಿದ್ದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ಒಂದಷ್ಟು ಹಿಂದಕ್ಕೆ ಚಾಲಕನ ಕಣ್ಣಿಗೇ ಬರುತ್ತದೆ. ಕಣ್ಣಿನ ನೇರದಲ್ಲಿ, ರಸ್ತೆಗಿಂತ ಮೇಲಿರುವ ಮಂಜಿನ ಮೇಲೆ ಎಷ್ಟು ಹೆಚ್ಚು ಬೆಳಕು ಚೆಲ್ಲುತ್ತೇವೋ ಬಿಳಿಗೋಡೆ ಅಷ್ಟು ದಪ್ಪವಾಗುತ್ತದೆ. ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ ಕೂರಿಸುವುದು ಇದೇ ಕಾರಣಕ್ಕೆ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ ಹರಡುತ್ತದೆ, ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ನಿಲ್ಲುತ್ತದೆ, ಆ ಅಂಚಿನ ಮೇಲಕ್ಕೆ ಬೆಳಕು ಹೋಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಕಣ್ಣು ಮೇಲೆ, ದೀಪ ಕೆಳಗೆ, ನಡುವಿನ ಮಂಜು ಕತ್ತಲಲ್ಲಿ ಉಳಿದರೆ ರಸ್ತೆಯ ಅಂಚು ಕಾಣುತ್ತದೆ.

ಇದರಿಂದ ದೂರ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹತ್ತಿಪ್ಪತ್ತು ಮೀಟರಿನ ಎಡ ಬಲ ಅಂಚುಗಳು ಕಾಣುತ್ತವೆ, ಅಷ್ಟೇ. ನಿಮ್ಮ ಮನೆಯವರು ಕಿಟಕಿಯಿಂದ ತಲೆ ಹಾಕಿ ಮಾಡಿದ ಕೆಲಸವನ್ನು ಫಾಗ್ ಲ್ಯಾಂಪ್ ಮಾಡುತ್ತದೆ.

ಹಳೇ_ಸ್ಟಿಯರಿಂಗ್
ಮೇಷ್ಟ್ರು ಹೇಳಿದ್ದು ನಿಜ, ಆದರೆ ಹಳದಿ ದೀಪದ ವಿಷಯ ಬಿಟ್ಟರು. ನಾನು ಇಪ್ಪತ್ತಾರು ವರ್ಷ ಘಾಟಿಯ ಮೇಲೆ ಬಸ್ಸು ಓಡಿಸಿದ್ದೇನೆ. ಮಂಜನ್ನು ಸೀಳುವುದು ಹಳದಿ ಬೆಳಕು ಮಾತ್ರ. ಈಗಿನ ಬೆಳ್ಳಗಿನ ಎಲ್‌ಇಡಿ ಮಂಜಿನಲ್ಲಿ ಯಾವ ಪ್ರಯೋಜನಕ್ಕೂ ಬಾರದು.

ಬೆಳಕಿನ_ಮೇಷ್ಟ್ರು
ಅಣ್ಣಾ, ನಿಮ್ಮ ಅನುಭವದ ಮೇಲೆ ನನಗೆ ಗೌರವವಿದೆ. ಆದರೂ "ಸೀಳುತ್ತದೆ" ಎಂಬುದನ್ನು ಒಪ್ಪಲಾರೆ. ಸಂಜೆಯ ಸೂರ್ಯ ಕೆಂಪಾಗುವುದು ಗಾಳಿಯ ಅಣುಗಳಿಂದ. ಅವು ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ಚಿಕ್ಕವು, ಆದ್ದರಿಂದ ನೀಲಿಯನ್ನು ಹೆಚ್ಚು ಚದುರಿಸುತ್ತವೆ, ಕೆಂಪನ್ನು ಕಡಿಮೆ. ಮಂಜಿನ ಹನಿ ಹಾಗಲ್ಲ. ಅದು ಸುಮಾರು 10 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ್ದು, ಹಳದಿ ಬೆಳಕಿನ ಅಲೆಯ ಉದ್ದ 0.58 ಮೈಕ್ರಾನ್, ನೀಲಿಯದು 0.45. ಹನಿ ಎರಡಕ್ಕಿಂತಲೂ ಬಹಳ ದೊಡ್ಡದಾದ್ದರಿಂದ ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೂ ಅದಕ್ಕೇ.

ಹಳೇ_ಸ್ಟಿಯರಿಂಗ್
ಮೈಕ್ರಾನಿನ ಲೆಕ್ಕ ನನಗೆ ತಿಳಿಯದು. ರಾತ್ರಿಯೆಲ್ಲ ಬಿಳಿ ದೀಪದ ಹಿಂದೆ ಕೂತರೆ ಕಣ್ಣು ಉರಿಯುತ್ತದೆ, ಹಳದಿಯ ಹಿಂದೆ ಕೂತರೆ ಉರಿಯುವುದಿಲ್ಲ. ಇದು ಸುಳ್ಳೇ?

ಬೆಳಕಿನ_ಮೇಷ್ಟ್ರು
ಸುಳ್ಳಲ್ಲ. ಅಲ್ಲಿ ನೀವೇ ಸರಿ, ನಾನು ಆ ಮಾತನ್ನು ಮೊದಲೇ ಹೇಳಬೇಕಿತ್ತು. ನೀಲಿ ಹೆಚ್ಚಿರುವ ಬೆಳಕು ಕಣ್ಣನ್ನು ಹೆಚ್ಚು ಕೋರೈಸುತ್ತದೆ, ಬೆಳಕಿನ ಬಣ್ಣದ ಅಳತೆಯಾಗಿ 6000 ಕೆಲ್ವಿನ್ ಎಂದು ಬರೆದಿರುವ ಬಲ್ಬುಗಳಲ್ಲಿ ನೀಲಿಯ ಪಾಲು ಹೆಚ್ಚು. ಹಳದಿ ಗಾಜು ಆ ನೀಲಿಯನ್ನು ತಡೆಯುವುದರಿಂದ ಕಣ್ಣಿಗೆ ಹಿತ. ಫ್ರಾನ್ಸಿನಲ್ಲಿ 1930ರ ದಶಕದಿಂದ 1993ರವರೆಗೆ ಕಾರಿನ ಹೆಡ್‌ಲೈಟೇ ಹಳದಿಯಾಗಿರಬೇಕೆಂಬ ಕಟ್ಟಳೆಯಿತ್ತು. ಹಿತ ಬೇರೆ, ಸೀಳುವುದು ಬೇರೆ ಎಂಬುದಷ್ಟೇ ನನ್ನ ವಾದ. ಬೆಳಕು ಯಾವ ಎತ್ತರದಿಂದ ಹೊರಟು ಎಲ್ಲಿ ನಿಲ್ಲುತ್ತದೆ ಎಂಬುದರ ಮುಂದೆ ಬಣ್ಣದ ಪಾತ್ರ ಚಿಕ್ಕದು.

ಹಳೇ_ಸ್ಟಿಯರಿಂಗ್
ಹಾಗಾದರೆ ಒಪ್ಪಿದೆ. ಹಳದಿಯನ್ನು ಮಾತ್ರ ನಾನು ಬಿಡುವುದಿಲ್ಲ.

ಸ್ಟುಟ್‌ಗಾರ್ಟ್_ಕನ್ನಡಿಗ
ತಿರುಗುವ ಹೆಡ್‌ಲೈಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಏಕೆಂದರೆ ಇಲ್ಲಿ ಐದು ವರ್ಷದಿಂದ ಅಂಥ ಕಾರು ಓಡಿಸುತ್ತಿದ್ದೇನೆ. ಕಲ್ಪನೆ ಹಳೆಯದು. ಅಮೆರಿಕದ 1948ರ ಟಕರ್ ಕಾರಿನ ನಡುವೆ ಸ್ಟಿಯರಿಂಗಿನ ಜೊತೆ ತಿರುಗುವ ಮೂರನೆಯ ದೀಪವಿತ್ತು. ಸಿಟ್ರೋಯೆನ್ ಡಿಎಸ್ 1967ರಲ್ಲಿ ಗಾಜಿನ ಹಿಂದೆ ತಿರುಗುವ ದೀಪ ತಂದಿತು. ಈಗ ಅಡಾಪ್ಟಿವ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿಗಳನ್ನು ಮಾರುತ್ತಾರೆ. ಮೊದಲನೆಯದು, ನೀವು ಹೇಳಿದಂತೆ ತಿರುವಿನತ್ತ ತಿರುಗುವ ದೀಪ. ಎರಡನೆಯದು, ಹೈ ಬೀಮನ್ನು ಹತ್ತಾರು ಸಣ್ಣ ಎಲ್‌ಇಡಿಗಳಾಗಿ ಒಡೆದು, ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ವಾಹನವನ್ನು ಗುರುತಿಸಿದಾಗ ಅದರ ಮೇಲೆ ಬೀಳುವ ಎಲ್‌ಇಡಿಗಳನ್ನಷ್ಟೇ ಆರಿಸುವ ಮ್ಯಾಟ್ರಿಕ್ಸ್ ದೀಪ. ಇದು 2013ರ ಆಡಿ ಎ8ರಲ್ಲಿ ಬಂತು. ಅಮೆರಿಕ ಇಂಥ ದೀಪಕ್ಕೆ ಅನುಮತಿ ಕೊಟ್ಟದ್ದು 2022ರಲ್ಲಿ. ನೀವು ನೋಡಿದ ಕಾರಿನಲ್ಲಿ ಇರುವುದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

ಎರಡೂ ತಿಳಿಯಾದ ರಾತ್ರಿಯ ದೀಪಗಳು. ಕಾಡಿನ ರಸ್ತೆಯಲ್ಲಿ ತಿರುವಿನ ಒಳಗಡೆ ನಿಂತ ಜಿಂಕೆ ನನಗೆ ಎಷ್ಟೋ ಸಲ ಮೊದಲೇ ಕಂಡಿದೆ, ಹೀಗಾಗಿ ಅವುಗಳ ಉಪಯೋಗವನ್ನು ಅಲ್ಲಗಳೆಯಲಾರೆ. ಆದರೆ ದಟ್ಟ ಮಂಜಿನಲ್ಲಿ ಕ್ಯಾಮೆರಾಕ್ಕೂ ಕಾಣುವುದು ನಮಗೆ ಕಂಡಷ್ಟೇ. ಎದುರಿನ ದೀಪ ಮಸುಕಾಗಿ ಕ್ಯಾಮೆರಾ ಗುರುತಿಸದೆ ಹೋದರೆ ಹೈ ಬೀಮ್ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಮಂಜು ಬಿದ್ದ ದಿನ ನಾನು ಆಟೋ ಎಂಬುದನ್ನು ಕೈಯಾರೆ ಆರಿಸಿಬಿಡುತ್ತೇನೆ.

ಕೊಟ್ಟಿಗೆಹಾರದವ
ನನ್ನ ಭಾವನ ಕಾರಿನಲ್ಲಿ ತಿರುಗುವ ದೀಪವಿದೆ, ಚಾರ್ಮಾಡಿಯ ಹೇರ್‌ಪಿನ್ ತಿರುವುಗಳಲ್ಲಿ ಅದರಿಂದ ಏನೂ ಆಗುವುದಿಲ್ಲ ಎಂದು ಅವರೇ ಹೇಳುತ್ತಾರೆ.

ಸ್ಟುಟ್‌ಗಾರ್ಟ್_ಕನ್ನಡಿಗ
ಆಗುವುದಿಲ್ಲ ನಿಜ. ದೀಪ ತಿರುಗುವುದು ಹೆಚ್ಚೆಂದರೆ ಸುಮಾರು 15 ಡಿಗ್ರಿ, ಹೇರ್‌ಪಿನ್ ತಿರುವು ಕಾರನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ. ಅಲ್ಲಿ ನೆರವಿಗೆ ಬರುವುದು ಕಾರ್ನರಿಂಗ್ ಲ್ಯಾಂಪ್. ಸ್ಟಿಯರಿಂಗ್ ತಿರುಗಿಸಿದಾಗ ಆ ಬದಿಯ ದೀಪವೊಂದೇ ಹೊತ್ತಿ ಪಕ್ಕದ ನೆಲ ತೋರಿಸುತ್ತದೆ. ಎಷ್ಟೋ ಕಾರುಗಳಲ್ಲಿ ಈ ಕೆಲಸವನ್ನು ಫಾಗ್ ಲ್ಯಾಂಪೇ ಮಾಡುತ್ತದೆ. ಹಾಗಾಗಿ ಘಾಟಿಯವರಿಗೆ ಫಾಗ್ ಲ್ಯಾಂಪ್ ಇರುವ ಕಾರಿನಲ್ಲಿ ಕಾರ್ನರಿಂಗ್ ಸೌಲಭ್ಯವೂ ಇದೆಯೇ ಎಂದು ನೋಡುವುದು ತಿರುಗುವ ದೀಪಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಹಳೇ_ಸ್ಟಿಯರಿಂಗ್
ಕ್ಯಾಮೆರಾದ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಬೇಕು. ಘಾಟಿಯಲ್ಲಿ ಎದುರಿನ ಗಾಡಿ ಕಣ್ಣಿಗೆ ಬೀಳುವ ಮೊದಲೇ ಅದರ ಬೆಳಕು ಬರುತ್ತದೆ. ತಿರುವಿನ ಆಚೆಯ ಮರದ ತಲೆಗಳು ಮೆಲ್ಲಗೆ ಬೆಳಗುತ್ತವೆ, ಮಂಜಿದ್ದರೆ ಇಡೀ ಬಂಡೆಯ ಮಗ್ಗುಲು ಹಾಲಿನಂತೆ ಬೆಳ್ಳಗಾಗುತ್ತದೆ. ಆ ಹೊಳಪು ಕಂಡ ಕೂಡಲೇ ಡಿಪ್ ಮಾಡಿ, ಒಂದು ಹಾರ್ನ್ ಹೊಡೆದು, ಎಡಕ್ಕೆ ಒತ್ತಿ ನಿಲ್ಲುವುದನ್ನು ನಮ್ಮ ಹಿರಿಯ ಚಾಲಕರು ನಮಗೆ ಕಲಿಸಿದ್ದರು. ಗಾಡಿಯ ದೀಪ ನೇರವಾಗಿ ಕಂಡ ಮೇಲೆ ಯಂತ್ರ ಬೆಳಕು ಇಳಿಸುವಷ್ಟರಲ್ಲಿ ಎದುರಿನವನ ಕಣ್ಣಿಗೆ ಅದು ಬಡಿದಾಗಿರುತ್ತದೆ. ಹೈ ಬೀಮನ್ನು ಯಂತ್ರದ ಕೈಗೆ ಕೊಡಬೇಡಿ, ದಯವಿಟ್ಟು.

ಸುಳ್ಯ_ಸವಾರಿಣಿ
ಅಣ್ಣನ ಮಾತಿಗೆ ನನ್ನದೂ ಒಂದು ಮಾತು ಸೇರಿಸಿಕೊಳ್ಳಿ. ನಾನು ಸಂಪಾಜೆಯಿಂದ ಸುಳ್ಯಕ್ಕೆ ಸ್ಕೂಟರಿನಲ್ಲಿ ಓಡಾಡುವವಳು. ನಿಮಗೆಲ್ಲ ಕಾರಿನೊಳಗಿಂದ ರಸ್ತೆ ಹೇಗೆ ಕಾಣುತ್ತದೆ ಎಂಬುದೇ ಚಿಂತೆ. ನಮಗೆ ನಿಮ್ಮ ದೀಪವೇ ಚಿಂತೆ. ಮಳೆಯಲ್ಲಿ ಹೆಲ್ಮೆಟ್ಟಿನ ಗಾಜಿನ ಮೇಲೆ ಹನಿ ನಿಂತಿರುವಾಗ ಎದುರಿನಿಂದ ಮೇಲಕ್ಕೆ ಹೊಡೆಯುವ ಬಿಳಿ ಬೆಳಕು ಬಿದ್ದರೆ ಪ್ರತಿ ಹನಿಯೂ ಒಂದೊಂದು ನಕ್ಷತ್ರವಾಗುತ್ತದೆ. ಆ ಎರಡು ಕ್ಷಣ ರಸ್ತೆ ಎಂಬುದೇ ಇರುವುದಿಲ್ಲ. ಹೋದ ಆಷಾಢದಲ್ಲಿ ಹಾಗೆಯೇ ಚರಂಡಿಗೆ ಇಳಿದು ಮೊಣಕೈಗೆ ಆರು ಹೊಲಿಗೆ ಹಾಕಿಸಿಕೊಂಡೆ. ಆ ಕಾರಿನವರಿಗೆ ನಾನು ಬಿದ್ದದ್ದೇ ಗೊತ್ತಾಗಿರಲಾರದು.

ಮಂಜಿಲ್ಲದ ದಿನವೂ ಅಂದಕ್ಕೆಂದು ಫಾಗ್ ಲ್ಯಾಂಪ್ ಹೊತ್ತಿಸಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ನೆನೆದ ಡಾಂಬರು ಕನ್ನಡಿಯಂತೆ ಆ ಬೆಳಕನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ.

ಬೆಳಕಿನ_ಮೇಷ್ಟ್ರು
ಸವಾರಿಣಿ ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಮೂಗಿನ ಮುಂದಿನ ನೆಲ ಅತಿಯಾಗಿ ಬೆಳಗಿದರೆ ಕಣ್ಣು ಆ ಹೊಳಪಿಗೇ ಹೊಂದಿಕೊಂಡು ದೂರದ ಮಂದ ವಸ್ತು ಕಾಣದೆ ಹೋಗುತ್ತದೆ, ಆದ್ದರಿಂದ ತಿಳಿಯಾದ ರಾತ್ರಿ ಫಾಗ್ ಲ್ಯಾಂಪ್ ಹಾಕಿದವರಿಗೂ ನಷ್ಟವೇ.

ದೇವನಹಳ್ಳಿ_ಕ್ಯಾಬ್
ಎಲ್ಲರೂ ಮುಂದಿನ ದೀಪದ ಬಗ್ಗೆಯೇ ಮಾತಾಡುತ್ತಿದ್ದೀರಿ. ನಮ್ಮ ಕಡೆಯ ಮಂಜು ಘಾಟಿಯದರಂತೆ ಬೆಟ್ಟಕ್ಕೆ ಬಂದು ಕೂತ ಮೋಡವಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ನೆಲ ತಣ್ಣಗಾಗಿ ಬಯಲಿನಲ್ಲೇ ಹುಟ್ಟುವ ಮಂಜು, ವಿಮಾನಗಳೇ ತಡವಾಗುತ್ತವೆ. ರಸ್ತೆ ನೇರ, ಅಗಲ, ಹೀಗಾಗಿ ಯಾರೂ ವೇಗ ತಗ್ಗಿಸುವುದಿಲ್ಲ. ನಮಗೆ ಭಯ ಹಿಂದಿನಿಂದ ಬರುವವನದು. ನನ್ನ ಮಟ್ಟಿಗೆ ಮುಂದಿನ ಎರಡು ಫಾಗ್ ಲ್ಯಾಂಪಿಗಿಂತ ಹಿಂದಿನ ಒಂದು ಕೆಂಪು ಫಾಗ್ ಲ್ಯಾಂಪ್ ಹೆಚ್ಚು ಬೆಲೆಯುಳ್ಳದ್ದು. ಅದಿಲ್ಲದವರು ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ಹೋಗಬೇಕು.

ಸ್ಟುಟ್‌ಗಾರ್ಟ್_ಕನ್ನಡಿಗ
ಹಿಂದಿನ ಫಾಗ್ ಲ್ಯಾಂಪ್ ಬಗ್ಗೆ ಪೂರ್ತಿ ಒಪ್ಪುತ್ತೇನೆ. ಅದು ಹೆಚ್ಚುಕಡಿಮೆ ಬ್ರೇಕ್ ಲೈಟಿನಷ್ಟೇ ಪ್ರಖರ. ಅದಕ್ಕೇ ಬ್ರೇಕ್ ಲೈಟಿನಿಂದ 100 ಮಿಲಿಮೀಟರಿಗಿಂತ ದೂರವಿರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಜರ್ಮನಿಯಲ್ಲಿ ಮಂಜಿನಿಂದ 50 ಮೀಟರಿಗಿಂತ ಆಚೆ ಕಾಣದಿದ್ದಾಗ ಮಾತ್ರ ಅದನ್ನು ಹೊತ್ತಿಸಬಹುದು. ಅಷ್ಟು ಕಡಿಮೆ ಕಾಣುವಾಗ ವೇಗ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ. ಹಳ್ಳಿಗಾಡಿನ ರಸ್ತೆಬದಿಯ ಬಿಳಿ ಕಂಬಗಳು ಸಾಮಾನ್ಯವಾಗಿ 50 ಮೀಟರಿಗೊಂದು ಇರುವುದರಿಂದ ಮುಂದಿನ ಕಂಬ ಕಂಡಿತೋ ಇಲ್ಲವೋ ಎಂದು ನೋಡಿದರೆ ಲೆಕ್ಕ ಸಿಕ್ಕಿತು. ಮಂಜು ತಿಳಿಯಾದೊಡನೆ ಆರಿಸದಿದ್ದರೆ ಹಿಂದಿನವರ ಕಣ್ಣು ಚುಚ್ಚುತ್ತದೆ.

ಆದರೆ ಚಲಿಸುವಾಗ ನಾಲ್ಕೂ ಇಂಡಿಕೇಟರ್ ಹಾಕುವುದನ್ನು ಒಪ್ಪಲಾರೆ. ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಯಾವ ಕಡೆ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದೇ ಇಲ್ಲ.

ಕೊಟ್ಟಿಗೆಹಾರದವ
ನಮ್ಮ ಘಾಟಿಯಲ್ಲಿ ಎಲ್ಲರೂ ಹಾಕುತ್ತಾರೆ. ಹಿಂದೆ ಫಾಗ್ ಲ್ಯಾಂಪೇ ಇಲ್ಲದ ಹಳೆಯ ಜೀಪಿನವನು ಏನು ಮಾಡಬೇಕು? ಮಿನುಗುವ ದೀಪ ಕಂಡಷ್ಟು ಬೇಗ ಮಂಕು ಕೆಂಪು ದೀಪ ಕಾಣುವುದಿಲ್ಲ.

ಹಳೇ_ಸ್ಟಿಯರಿಂಗ್
ಗಾಡಿ ನಿಲ್ಲಿಸಿದರೆ ಹಾಕಲಿ, ಮುಂದೆ ಕಲ್ಲೋ ಮರವೋ ಬಿದ್ದಿದ್ದರೆ ಹಾಕಲಿ. ಓಡುವಾಗ ಹಾಕಿದರೆ ನಾನು ಹಿಂದಿನಿಂದ ಬಂದು ನಿಂತ ಗಾಡಿಯೆಂದುಕೊಂಡು ಬಲಕ್ಕೆ ಎಳೆಯುತ್ತೇನೆ, ಎದುರಿಗೆ ಲಾರಿ ಇರುತ್ತದೆ. ಇಂಥದ್ದು ಒಮ್ಮೆ ನನಗೆ ಆಗಿದೆ, ಕೂದಲೆಳೆಯಲ್ಲಿ ತಪ್ಪಿತು. ಜೀಪಿನ ಹಿಂದಿನ ಗಾಜು ಒರೆಸಿ, ಕೆಂಪು ರಿಫ್ಲೆಕ್ಟರ್ ಅಂಟಿಸಿದರೆ ಖರ್ಚು ಎಷ್ಟಾಗುತ್ತದೆ?

ಬೆಳಕಿನ_ಮೇಷ್ಟ್ರು
ದೀಪ ಯಾವುದೇ ಇರಲಿ, ವೇಗದ ಲೆಕ್ಕವನ್ನು ಬಿಡುವಂತಿಲ್ಲ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಕಂಡು, ತಿಳಿದು, ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ ಸುಮಾರು 17 ಮೀಟರ್ ಹೋಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 10 ಮೀಟರ್ ಬೇಕು. ಒಟ್ಟು 27. ಗಂಟೆಗೆ 20 ಕಿಲೋಮೀಟರ್ ಆದರೆ ಒಟ್ಟು 11 ಮೀಟರ್. ಹವಾಮಾನ ಇಲಾಖೆ 50 ಮೀಟರಿಗಿಂತ ಕಡಿಮೆ ಕಾಣುವ ಮಂಜನ್ನು ಅತಿ ದಟ್ಟ ಮಂಜು ಎಂದು ಕರೆಯುತ್ತದೆ, ತೋಟದವರು ಹೇಳಿದ್ದು ಅದಕ್ಕಿಂತಲೂ ಕೆಟ್ಟದ್ದು. ಕಿರಿದಾದ ರಸ್ತೆಯಲ್ಲಿ ಎದುರಿನವನೂ ಬರುತ್ತಿರುತ್ತಾನೆ, ಹಾಗಾಗಿ ಕಾಣುವ ದೂರದ ಅರ್ಧದಲ್ಲಿ ನಿಲ್ಲುವಂತಿರಬೇಕು.

ಮೂಡಿಗೆರೆ_ತೋಟ
ಎಲ್ಲರ ಮಾತನ್ನೂ ಓದುತ್ತಿದ್ದೇನೆ, ಬಹಳ ಉಪಕಾರವಾಯಿತು. ಹಾಸನದ ಅಣ್ಣ ಕೇಳಿದ ಚಕ್ರ 0ಯಲ್ಲಿತ್ತು. ಎಂಟು ವರ್ಷದಿಂದ ಅದನ್ನು ಮುಟ್ಟಿದ ನೆನಪೇ ಇಲ್ಲ. ಅದು ಡ್ಯಾಶ್‌ಬೋರ್ಡಿನ ಬೆಳಕು ಹೆಚ್ಚುಕಡಿಮೆ ಮಾಡಲು ಇರಬೇಕೆಂದು ತಿಳಿದಿದ್ದೆ.

ವೈರಿಂಗ್_ಹಾಸನ
ಅಂದುಕೊಂಡದ್ದು ಸರಿಯಾಯಿತು. 0 ಎಂದರೆ ಮುಂದೆ ಮಾತ್ರ ಜನ ಕೂತಿರುವಾಗಿನ ಮಟ್ಟ. ಹಿಂದೆ ಜನ ಕೂತು ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ದೀಪವೂ ಮೇಲೇಳುತ್ತದೆ. ಒಂದೇ ಒಂದು ಡಿಗ್ರಿ ಎದ್ದರೂ 10 ಮೀಟರಿನಲ್ಲಿ ಬೆಳಕು 17 ಸೆಂಟಿಮೀಟರ್ ಮೇಲೆ ಬೀಳುತ್ತದೆ. ಹೊರೆ ಹೆಚ್ಚಿದಂತೆ 1, 2, 3 ಎಂದು ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ.

ಈಗ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಕಾಫಿ ಒಣಗಿಸುವ ಕಣವಿರಬೇಕಲ್ಲ, ಅದು ಸಮತಟ್ಟಾಗಿರುತ್ತದೆ. ಗೋಡೆಗೆ ಎದುರಾಗಿ 10 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ನೆಲದಿಂದ ಹೆಡ್‌ಲೈಟಿನ ನಡುಮಟ್ಟ ಎಷ್ಟೆಂದು ಅಳೆಯಿರಿ. ಲೋ ಬೀಮಿನ ಮೇಲಂಚು ಗೋಡೆಯ ಮೇಲೆ ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಕೊನೆಯಲ್ಲಿ ತುಸು ಮೇಲೇರುವುದು ಸರಿಯೇ, ರಸ್ತೆಯ ಎಡ ಅಂಚು ತೋರಿಸಲೆಂದೇ ಹಾಗೆ ಮಾಡಿರುತ್ತಾರೆ. ಒಂದೊಂದೇ ದೀಪವನ್ನು ಬಟ್ಟೆಯಿಂದ ಮುಚ್ಚಿ ಇನ್ನೊಂದನ್ನು ನೋಡಿ.

ಮೂಡಿಗೆರೆ_ತೋಟ
ನಿನ್ನೆ ಸಂಜೆ ಅಳೆದೆ. ದೀಪದ ಎತ್ತರ 68 ಸೆಂಟಿಮೀಟರ್. ಮಗಳು ಗೋದಾಮಿನ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದಳು. ಹಿಂದೆ ಯಾರೂ ಇಲ್ಲದಿರುವಾಗ ಎಡದೀಪದ ಅಂಚು 59ಕ್ಕೆ ಬಿತ್ತು. ಬಲದೀಪಕ್ಕೆ ಅಂಚೇ ಇಲ್ಲ. ಬೆಳಕು ಓರೆಯಾಗಿ ಕಲಸಿಕೊಂಡಂತೆ ಗೋಡೆಯ ಮೇಲಕ್ಕೆಲ್ಲ ಹರಡಿತ್ತು, ಹೆಂಚಿನ ಸಾಲಿನವರೆಗೂ ಬೆಳಕಿತ್ತು. ಆ ಬಲ್ಬನ್ನು ಕಳೆದ ವರ್ಷ ದಾರಿಯಲ್ಲಿ ಒಂದು ಗ್ಯಾರೇಜಿನಲ್ಲಿ ಬದಲಾಯಿಸಿಕೊಂಡಿದ್ದೆ.

ವೈರಿಂಗ್_ಹಾಸನ
ಬಲ್ಬು ಸರಿಯಾಗಿ ಕೂತಿಲ್ಲ. ನಿಮ್ಮದು ಎಚ್4 ಬಲ್ಬು ಇರಬೇಕು. ಅದರ ಬುಡದ ತಟ್ಟೆಗೆ ಮೂರು ಕಿವಿಗಳಿರುತ್ತವೆ, ಮೂರೂ ಹೋಲ್ಡರಿನ ಮೂರು ಗೀರಿನಲ್ಲಿ ಕೂರಬೇಕು. ಒಂದು ತಪ್ಪಿದರೂ ಬಲ್ಬು ಓರೆಯಾಗುತ್ತದೆ. ಲೋ ಬೀಮಿನ ತಂತಿಯ ಕೆಳಗೆ ಚಮಚದಂಥ ಒಂದು ಸಣ್ಣ ತಗಡಿರುತ್ತದೆ, ಮೇಲಕ್ಕೆ ಹೋಗುವ ಬೆಳಕನ್ನು ಇಲ್ಲವಾಗಿಸುವುದು ಅದೇ. ಬಲ್ಬು ಓರೆಯಾದರೆ ಆ ತಗಡೂ ಓರೆ. ಆಗ ಲೋ ಬೀಮ್ ಹಾಕಿದರೂ ಬೆಳಕು ಮಂಜಿನೊಳಕ್ಕೇ ಹೋಗುತ್ತದೆ. ಬಲ್ಬನ್ನು ಹಿಡಿದಿರುವ ಒತ್ತುಕಂಬಿ ತೆಗೆದು ಮತ್ತೆ ಕೂರಿಸಿ. ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಇದೇ ಕಾರಣಕ್ಕೆ ಹಾಲೊಜೆನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬು ತುರುಕಬೇಡಿ ಎಂದು ಅಂಗಡಿಗೆ ಬರುವವರಿಗೆ ಹೇಳುತ್ತಲೇ ಇರುತ್ತೇನೆ. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ರಿಫ್ಲೆಕ್ಟರ್ ಅದನ್ನು ಎದುರಿನವನ ಕಣ್ಣಿಗೆ ಎಸೆಯುತ್ತದೆ. ಇನ್ನು 100 ವಾಟ್ ಬಲ್ಬು ಹಾಕಿಸಿ ಕರಗಿದ ಹೋಲ್ಡರ್‌ಗಳು ನನ್ನ ಅಂಗಡಿಯಲ್ಲಿ ಒಂದು ಡಬ್ಬಿಯ ತುಂಬ ಇವೆ. 60 ವಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ, 100 ವಾಟಿನದು 8ಕ್ಕಿಂತ ಹೆಚ್ಚು. ಕಂಪನಿಯ ತಂತಿ ಅದಕ್ಕೆ ಮಾಡಿದ್ದಲ್ಲ.

ಸುಳ್ಯ_ಸವಾರಿಣಿ
ತೋಟದವರೇ, ನಿಮ್ಮ ಆ ಬಲದೀಪ ಒಂದು ವರ್ಷದಿಂದ ನಮ್ಮಂಥವರ ಕಣ್ಣಿಗೆ ಹೊಡೆಯುತ್ತಿತ್ತು ಎಂದಾಯಿತು. ಸರಿಪಡಿಸುತ್ತಿರುವುದಕ್ಕೆ ಕೃತಜ್ಞಳು.

ಮೂಡಿಗೆರೆ_ತೋಟ
ಅದು ನನಗೂ ತಟ್ಟಿತು ಅಕ್ಕಾ. ಎದುರಿನವರು ಪದೇ ಪದೇ ಡಿಪ್ಪರ್ ಹೊಡೆಯುತ್ತಿದ್ದರು, ನಾನು ಲೋ ಬೀಮಿನಲ್ಲೇ ಇದ್ದೇನಲ್ಲ ಎಂದು ಅವರ ಮೇಲೆಯೇ ಸಿಟ್ಟಾಗುತ್ತಿದ್ದೆ.

ಬಲ್ಬು ಕೂರಿಸಿದೆ. ಒಂದು ಕಿವಿ ಗೀರಿನ ಹೊರಗಿತ್ತು. ಈಗ ಎರಡೂ ಅಂಚುಗಳು ಇದ್ದಿಲಿನ ಗೆರೆಯ ಮೇಲೆ ಕೂತಿವೆ. ಚಕ್ರವನ್ನು 2ಕ್ಕೆ ಇಟ್ಟು ಅಮ್ಮನೊಂದಿಗೆ ನಿನ್ನೆ ಘಾಟಿ ಹತ್ತಿ ಬಂದೆ. ಮಂಜು ಇತ್ತು, ಕಳೆದ ವಾರದಷ್ಟಲ್ಲ. ಗೋಡೆ ಪೂರ್ತಿ ಹೋಗಲಿಲ್ಲ, ಆದರೆ ತಡೆಗೋಡೆಯ ಬುಡ ಮತ್ತು ಬಿಳಿಗೆರೆ ಒಳಗಿಂದಲೇ ಕಂಡವು. ಹೆಂಡತಿ ಗಾಜು ಇಳಿಸಲಿಲ್ಲ.

ಹೊಸ ಕಾರನ್ನು ಸದ್ಯಕ್ಕೆ ಮುಂದೂಡಿದ್ದೇನೆ. ಈ ಕಾರಿಗೇ ಫಾಗ್ ಲ್ಯಾಂಪ್ ಹಾಕಿಸಬೇಕೆಂದಿದ್ದೇನೆ. ಹಾಸನಕ್ಕೆ ಬಂದರೆ ಆಗುತ್ತದೆಯೇ?

ಹಳೇ_ಸ್ಟಿಯರಿಂಗ್
ಹಳದಿಯದನ್ನೇ ಹಾಕಿಸಿಕೊಳ್ಳಿ.

ವೈರಿಂಗ್_ಹಾಸನ
ಹಳದಿಯೋ ಬಿಳಿಯೋ ನಿಮ್ಮ ಇಷ್ಟ. ಬಂಪರಿನಲ್ಲಿ ಅದಕ್ಕೆಂದೇ ಬಿಟ್ಟಿರುವ ಗೂಡಿದ್ದರೆ ಅಲ್ಲೇ ಕೂರಿಸೋಣ. ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗಿರಬಾರದು, 80ಕ್ಕಿಂತ ಮೇಲೂ ಹೋಗಬಾರದು. ಬೇರೆ ಫ್ಯೂಸು, ರಿಲೇ ಹಾಕಿ ಬೇರೆ ಸ್ವಿಚ್ ಕೊಡುತ್ತೇನೆ. ಪಾರ್ಕಿಂಗ್ ಲೈಟ್ ಜೊತೆಗೇ ಹೊತ್ತುವಂತೆ ಮಾಡಿದರೆ, ಏನೂ ಕಾಣದ ಮಂಜಿನಲ್ಲಿ ಲೋ ಬೀಮ್ ಆರಿಸಿ ಫಾಗ್ ಲ್ಯಾಂಪಿನಲ್ಲೇ ನಿಧಾನವಾಗಿ ಬರಬಹುದು. ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ. ಅಂಚನ್ನು ಗೋಡೆಯ ಮೇಲೆ ನೋಡಿ ಕೂರಿಸಲು ಕತ್ತಲಾಗುವವರೆಗೆ ಕಾಯಬೇಕಾಗುತ್ತದೆ, ಅಮ್ಮನನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಮೂಡಿಗೆರೆ_ತೋಟ
ಆಗಲಿ ಅಣ್ಣಾ, ಶನಿವಾರ ಮೂರಕ್ಕೆ ಅಲ್ಲಿರುತ್ತೇನೆ. ಹಿಂದಿನದಕ್ಕೂ ಒಂದು ಕೆಂಪು ಫಾಗ್ ಲ್ಯಾಂಪ್ ಎತ್ತಿಟ್ಟಿರಿ.